ಟೋರಿಲ್ ಬಿಟ್ಟುಹೋದ ದೀಪ

ನವೆಂಬರ್ 26, ಮಂಗಳವಾರ. ಬೆಳಿಗ್ಗೆ 5.30

ಎದ್ದದ್ದು 4.50. ದೀಪದ ಮುಂದೆ ಮೂವತ್ತು ನಿಮಿಷ. ಕಾಫಿ ಎರಡು ಕಪ್. ಮನಸ್ಸು, ಹತ್ತಕ್ಕೆ ಮೂರು.

ಹೀಗೆ ಬರೆದಿಡಬೇಕೆಂದು ಹೆಲ್ತ್ ಸೆಂಟರಿನ ನರ್ಸ್ ಗುನ್‌ವೋರ್ ಹೇಳಿದ್ದು. ಎದ್ದ ಹೊತ್ತು, ದೀಪದ ಹೊತ್ತು, ಮನಸ್ಸಿಗೆ ಅಂಕ. "ಯಾರಿಗೂ ತೋರಿಸ್ಬೇಡ, ನನಗೂ ಬೇಡ. ಏರ್ತಾ ಇದೀಯೋ ಇಳೀತಾ ಇದೀಯೋ ನಿನಗೆ ಗೊತ್ತಾದ್ರೆ ಸಾಕು." ಒಂಬತ್ತು ದಿನವಾಯಿತು. ಮೂರು, ಮೂರು, ಮೂರು. ಒಂದೇ ಒಂದು ದಿನ ನಾಲ್ಕು. ಅವತ್ತು ಭಾನುವಾರ, ಇಡೀ ದಿನ ಮಲಗಿಯೇ ಇದ್ದೆ.

ದೀಪ ನನ್ನ ಹೆಂಡತಿ ಟೋರಿಲ್‌ದು. ಚೌಕಾಕಾರ, ಟ್ರೇಯಷ್ಟು ದೊಡ್ಡದು, ಹಾಲಿನಂಥ ಬಿಳಿ ಬೆಳಕು. ಬಿಸಿಲಿಲ್ಲದ ತಿಂಗಳುಗಳಲ್ಲಿ ಮನಸ್ಸು ಕುಗ್ಗದಿರಲೆಂದು ಇದರ ಮುಂದೆ ಕೂರುವುದು. ಆಗಸ್ಟಿನಲ್ಲಿ ದಕ್ಷಿಣಕ್ಕೆ ಹೋಗುವಾಗ ಬಿಟ್ಟುಹೋದಳು. "ಇನ್ನೊಂದು ಚಳಿಗಾಲ ನನ್ನ ಕೈಲಾಗಲ್ಲ, ಆರ್ನ್‌ಫಿನ್. ಅಲ್ಲಿ ನನಗಿದು ಬೇಕಾಗಲ್ಲ. ನಿನಗೆ ಮೊದ್ಲೇ ಬೇಡ. ಇರ್ಲಿ ಇಲ್ಲೇ." ಹದಿನಾಲ್ಕು ಚಳಿಗಾಲ ಅವಳು ಇದರ ಮುಂದೆ ಕೂತಳು. ಹದಿನಾಲ್ಕು ಚಳಿಗಾಲ ನಾನು ನಕ್ಕೆ. ಕೋಳಿಫಾರಂ ಎನ್ನುತ್ತಿದ್ದೆ. ಪಕ್ಕದಲ್ಲಿ ಹಾದುಹೋಗುವಾಗ "ಮೊಟ್ಟೆ ಇಟ್ಯಾ?" ಎಂದು ಕೇಳುತ್ತಿದ್ದೆ. ದಿನಾ ಅದೇ ಜೋಕು.

ಈಗ ಕೋಳಿ ನಾನೇ.

ಈ ಉತ್ತರದ ತುದಿಯಲ್ಲಿ ಸೂರ್ಯ ಮುಳುಗಿ ಮೂರು ದಿನ. ಇನ್ನು ಹುಟ್ಟುವುದು ಜನವರಿಗೆ. ಆರಕ್ಕೆ ಬಸ್ ಗ್ಯಾರೇಜಿನಲ್ಲಿರಬೇಕು. ಗಾಳಿ ಜೋರಾಗಿದೆ.


ನವೆಂಬರ್ 28, ಗುರುವಾರ. ಸಂಜೆ

ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ಯಾರೂ ಓದುವುದಿಲ್ಲವಲ್ಲ.

ಎರಡು ವಾರದ ಹಿಂದೆ, ಹದಿನಾಲ್ಕನೇ ತಾರೀಕು. ಎಂದಿನಂತೆ ಆಚೆ ದಡದ ಹಳ್ಳಿಯಿಂದ ಹನ್ನೊಂದು ಮಕ್ಕಳನ್ನು ಹತ್ತಿಸಿಕೊಂಡು ದ್ವೀಪದ ಶಾಲೆಗೆ ಬರುತ್ತಿದ್ದೆ. ಸಮುದ್ರದಡಿಯ ಸುರಂಗ, ಮೂರು ಕಿಲೋಮೀಟರ್. ಇಳಿಜಾರು ಮುಗಿದು ಏರು ಶುರುವಾಗುವ ಜಾಗ. ಕಣ್ಣು ಮುಚ್ಚಿತು. ಎಷ್ಟು ಹೊತ್ತೋ ತಿಳಿಯದು. ಕರ್ರೆನ್ನುವ ಸದ್ದಿಗೆ ಎಚ್ಚರವಾದಾಗ ಬಲಗಡೆಯ ಕನ್ನಡಿ ಗೋಡೆಗೆ ಉಜ್ಜಿ ಮುರಿದಿತ್ತು. ಸ್ಟೀರಿಂಗ್ ಎಳೆದೆ. ಬಸ್ಸು ನೆಟ್ಟಗಾಯಿತು.

ಮುಂದಿನ ಸೀಟಿನಲ್ಲಿ ಇಡುನ್. ಮೂರನೇ ಕ್ಲಾಸು, ಮಾತಿನ ಮಲ್ಲಿ. "ಆರ್ನ್‌ಫಿನ್, ಗೋಡೆ ಮುಟ್ಟಿದ್ರಾ?"

"ಹೂಂ. ಕಚಗುಳಿ ಇಟ್ಟೆ ಅದಕ್ಕೆ."

ಎಲ್ಲರೂ ನಕ್ಕರು. ನಾನೂ. ಶಾಲೆಯ ಮುಂದೆ ಅವರನ್ನು ಇಳಿಸಿದ ಮೇಲೆ ಬಾಗಿಲು ಹಾಕಿಕೊಂಡು ಅಲ್ಲೇ ಕೂತೆ.

ಬಸ್ ಆಫೀಸಿನ ಮೇಲ್ವಿಚಾರಕ ಸ್ವೈನುಂಗ್‌ಗೆ, ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿತು ಎಂದೆ. ಅವನು ನಂಬಿದ. ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿರುವವನ ಮಾತು, ಯಾಕೆ ನಂಬಬಾರದು. ಮುಂದಿನ ಸೋಮವಾರ ಗುನ್‌ವೋರ್ ಹತ್ತಿರ ಹೋದೆ. ಏಳಲಾಗುವುದಿಲ್ಲ, ಎಷ್ಟು ಮಲಗಿದರೂ ಸಾಲದು ಎಂದೆ. ಸುರಂಗದ ಸುದ್ದಿ ಎತ್ತಲಿಲ್ಲ. ಎತ್ತಿದರೆ ಬಸ್ಸು ಹೋಗುತ್ತದೆ. ಬಸ್ಸು ಹೋದರೆ… ದಿನಕ್ಕೆ ನಾನು ಆಡುವ ಮಾತೆಲ್ಲ ಆ ಹನ್ನೊಂದು ಜನರ ಜೊತೆಗೇ. ಮನೆಗೆ ಬಂದರೆ ಫ್ರಿಜ್ಜಿನ ಸದ್ದು.

ದೀಪ ನನ್ನನ್ನು ಸರಿಮಾಡಿದರೆ ಹೇಳುವ ಅಗತ್ಯವೇ ಬರುವುದಿಲ್ಲ. ಅಷ್ಟೇ ನನ್ನ ಯೋಚನೆ.


ಡಿಸೆಂಬರ್ 3, ಮಂಗಳವಾರ

ಎದ್ದದ್ದು 4.45. ದೀಪ 30. ಮೂರು.

ಬೀದಿಯ ಕಿಟಕಿಗಳಲ್ಲೆಲ್ಲ ಕ್ರಿಸ್ಮಸ್ಸಿನ ಕಾಗದದ ನಕ್ಷತ್ರ ಬಂದಿದೆ. ಎದುರು ಮನೆಯ ಅಡುಗೆಮನೆ ಕಿಟಕಿಯಲ್ಲಿ ನಕ್ಷತ್ರವಲ್ಲ, ನನ್ನದರಂತೆಯೇ ಚೌಕ ಬಿಳಿ ಬೆಳಕು. ಅದರ ಮುಂದೆ ಯೋರ್ಡಿಸ್. ಇಡುನ್‌ಳ ಅಜ್ಜಿ. ಮೊಮ್ಮಗಳು ಆಚೆ ದಡದಲ್ಲಿ, ಇವರು ಇಲ್ಲಿ ಒಬ್ಬರೇ. ಎಪ್ಪತ್ತಾರು. ಮೀನಿನ ಫ್ಯಾಕ್ಟರಿಯಲ್ಲಿ ನಲವತ್ತು ವರ್ಷ ದುಡಿದವರು. ಇಷ್ಟು ವರ್ಷ ಎದುರುಬದುರು ಇದ್ದರೂ ತಲೆಯಾಡಿಸಿದ್ದೇ ಹೆಚ್ಚು. ಮಾತಾಡುವ ಕೆಲಸ ಟೋರಿಲ್‌ದಾಗಿತ್ತು.

ಇವತ್ತು ಹೊರಗೆ ಹಿಮ ಎತ್ತುವಾಗ ಅವರೇ ಕಿಟಕಿ ತೆಗೆದು ಕೂಗಿದರು. "ಏನಯ್ಯಾ, ನಿನ್ನ ಮನೇಲೂ ಬೆಳಗಾಯ್ತಾ?"

"ಅರ್ಧ ಗಂಟೆ ಮಟ್ಟಿಗೆ" ಎಂದೆ.

ನಕ್ಕರು. ಕಿಟಕಿ ಹಾಕಿಕೊಂಡರು.


ಡಿಸೆಂಬರ್ 6, ಶುಕ್ರವಾರ

ಬೆಳಿಗ್ಗೆ ಐದಕ್ಕೆ ಯೋರ್ಡಿಸ್ ಬಾಗಿಲು ಬಡಿದರು. ಕೈಯಲ್ಲಿ ಬಟ್ಟೆ ಸುತ್ತಿದ ಆಲೂಗಡ್ಡೆ ರೊಟ್ಟಿ. ಕೇಳದೆ ಒಳಗೆ ಬಂದು ನನ್ನ ದೀಪ ನೋಡಿದರು.

"ಇದೇನು, ಗೋಡೆಗೆ ಚಿಕಿತ್ಸೆನಾ? ಇಷ್ಟು ದೂರ ಇಟ್ರೆ ನಿನಗೇನು ಸಿಗುತ್ತೆ. ಹತ್ರ ಎಳ್ಕೊ. ಇನ್ನೂ. ನೆಟ್ಟಗೆ ನೋಡ್ಬೇಡ, ಪಕ್ಕಕ್ಕಿಟ್ಕೊ. ಹೆಂಡ್ತಿ ಅಷ್ಟು ವರ್ಷ ಕೂತಿದ್ದು ಒಂದ್ಸಲನೂ ನೋಡಿಲ್ವಾ ನೀನು?"

ನೋಡಿರಲಿಲ್ಲ.

ಕಾಫಿ ಕೊಟ್ಟೆ. ಕುಡಿಯುತ್ತ ಹೇಳಿದರು. "ನಮ್ಮ ಇಡುನ್‌ಗೆ ನಿನ್ನದೇ ಜಪ. ಗೋಡೆಗೆ ಕಚಗುಳಿ ಇಡೋ ಡ್ರೈವರ್ ಅಂತೆ. ಏನದು ಕಥೆ?"

"ಮಕ್ಕಳ ಆಟ" ಎಂದೆ.

ರೊಟ್ಟಿ ಚೆನ್ನಾಗಿತ್ತು. ಒಂದು ತುಂಡು ತಿಂದು ಉಳಿದದ್ದನ್ನು ಸುತ್ತಿಟ್ಟೆ.


ಡಿಸೆಂಬರ್ 13, ಶುಕ್ರವಾರ

ಎದ್ದದ್ದು 4.40. ದೀಪ 30, ಹತ್ತಿರದಿಂದ. ಐದು. ಮೊದಲ ಸಲ ಐದು.

ವಾರದಿಂದ ಹೀಗೆ: ಐದಕ್ಕೆ ಎರಡೂ ಕಿಟಕಿಯಲ್ಲಿ ಬೆಳಕು. ಯೋರ್ಡಿಸ್ ಕಪ್ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಎರಡು ಸಲ ಅವರ ಮನೆಗೇ ಹೋಗಿ ಕಾಫಿ ಕುಡಿದೆ.

ಸಂಜೆ ಟೋರಿಲ್ ಫೋನ್. ದೀಪ ಹಾಕುತ್ತಿದ್ದೇನೆ ಎಂದೆ.

"ಮೊಟ್ಟೆ ಇಟ್ಯಾ?" ಎಂದಳು.

ನಗು ಬಂತು. ಆಮೇಲೆ ನಗು ಬರಲಿಲ್ಲ. ಕ್ರಿಸ್ಮಸ್ಸಿಗೆ ಬಾ ಎಂದಳು, ಮೆಲ್ಲಗೆ, ನಾನು ಒಪ್ಪುವುದಿಲ್ಲ ಎಂದು ಗೊತ್ತಿರುವವರ ಹಾಗೆ. ಬಸ್ಸಿದೆಯಲ್ಲ ಎಂದೆ. ಶಾಲೆಗೆ ರಜೆ ಎಂಬುದು ಅವಳಿಗೆ ಗೊತ್ತು.

ಹೋಗಿ ಅವಳ ಮುಂದೆ ಕೂತರೆ ಹೇಳಿಬಿಡುತ್ತೇನೆ. ಅದೇ ಭಯ.


ಡಿಸೆಂಬರ್ 17, ಮಂಗಳವಾರ. ಬೆಳಿಗ್ಗೆ 8.30, ಬಸ್ಸಿನಲ್ಲೇ

ಸುರಂಗಕ್ಕೆ ಇಳಿದದ್ದು ನೆನಪಿದೆ. ಆಮೇಲೆ ದ್ವೀಪದ ದೀಪಗಳು. ನಡುವಿನ ಮೂರು ಕಿಲೋಮೀಟರ್ ಇಲ್ಲ.

ಏನೂ ಮುರಿದಿಲ್ಲ. ಯಾರಿಗೂ ಗೊತ್ತಾಗಿಲ್ಲ. ಹಿಂದೆ ಮಕ್ಕಳು ಹಾಡುತ್ತಿದ್ದರಂತೆ, ನನಗೆ ಒಂದು ಸಾಲೂ ಕೇಳಿಸಿಲ್ಲ. ಇವತ್ತಿನ ಅಂಕ ಐದು ಎಂದು ಬರೆದು ಹೊರಟವನು ನಾನು.


ಡಿಸೆಂಬರ್ 17, ಮಧ್ಯಾಹ್ನ

ಹೇಳಿದೆ.

ಬಸ್ಸಿನ ಕೀಲಿ ಸ್ವೈನುಂಗ್‌ನ ಮೇಜಿನ ಮೇಲಿಟ್ಟು ಶುರುಮಾಡಿದೆ. ಕನ್ನಡಿ, ಕಂಬ, ಇವತ್ತಿನದು, ಎಲ್ಲ. ಅವನು ಕೀಲಿಯನ್ನು ತನ್ನ ಕಡೆ ಎಳೆದುಕೊಂಡ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಬಸ್ಸು ಕಿತ್ಕೋತೀಯ ಅಂತ."

"ಕಿತ್ಕೋತಿದ್ದೆ. ನೀನು ಒಂದು ತಿಂಗಳು ಮನೇಲಿರ್ತಿದ್ದೆ, ವಾಪಸ್ ಬರ್ತಿದ್ದೆ. ಕನ್ನಡಿ ಹಾಳಾಗ್ಲಿ, ಆರ್ನ್‌ಫಿನ್. ನೀನು ಹೇಳಿದ್ದನ್ನ ನಾನು ವರದೀಲಿ ಹಾಗೇ ಬರ್ದು ಸಹಿ ಹಾಕ್ದೆ."

ಇವತ್ತಿನಿಂದ ಬಸ್ಸಿಲ್ಲ. ರಜೆ ಮುಗಿದ ಮೇಲೆ ಗ್ಯಾರೇಜಿನಲ್ಲಿ ಬಸ್ ತೊಳೆಯುವ ಕೆಲಸ. ಫೆಬ್ರವರಿಯಲ್ಲಿ ಡಾಕ್ಟರು ನೋಡಿ ಹೇಳಬೇಕು. ಮಕ್ಕಳ ಮನೆಗಳಿಗೆ ಕಾಗದ ಹೋಗುತ್ತದೆ.

ಕಾಗದಕ್ಕಿಂತ ಮೊದಲು ಯೋರ್ಡಿಸ್ ಮನೆಗೆ ಹೋದೆ. ಮೀನು ಹೆಚ್ಚುತ್ತಿದ್ದರು. ಚಾಕು ಕೆಳಗಿಡದೆ ಕೇಳಿಸಿಕೊಂಡರು.

"ನವೆಂಬರ್ ಹದಿನಾಲ್ಕು" ಎಂದರು.

"ಹೌದು."

"ಅಂದ್ರೆ, ಅದಾದ್ಮೇಲೆ ಇಲ್ಲಿ ಬಂದು ಇದೇ ಕುರ್ಚೀಲಿ ಕೂತು ನನ್ನ ಕಾಫಿ ಕುಡ್ದೆ."

"ಹೌದು."

"ನನಗಿರೋದು ಅದೊಂದೇ ಮಗು." ಮೀನಿನ ಕಡೆಗೆ ತಿರುಗಿ, "ಹೊರಡು."

ನಾನು ರಸ್ತೆ ದಾಟುವಷ್ಟರಲ್ಲಿ ಪರದೆ ಎಳೆದಿದ್ದರು.


ಡಿಸೆಂಬರ್ 24

ಮೀನು ಬೇಯಿಸಿದೆ. ಎರಡು ತಟ್ಟೆ ತೆಗೆದು ಒಂದನ್ನು ವಾಪಸ್ ಇಟ್ಟೆ. ಟೋರಿಲ್ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ದೀಪ ಇಲ್ಲ. ಒಂದು.


ಜನವರಿ 9, ಗುರುವಾರ

ಹದಿನಾರು ದಿನ ಏನೂ ಬರೆದಿಲ್ಲ. ಬರೆಯಲು ಏನಿತ್ತು. ಮಲಗಿದ್ದೆ. ಎದ್ದು ನೀರು ಕುಡಿದೆ. ಮಲಗಿದೆ. ಗ್ಯಾರೇಜಿಗೆ ಮೂರು ದಿನ ಹೋಗಲೇ ಇಲ್ಲ.

ನಿನ್ನೆ ಗುನ್‌ವೋರ್ ಮನೆಗೇ ಬಂದಳು. ಸ್ವೈನುಂಗ್ ಕಳಿಸಿದನಂತೆ. ದೀಪದ ಮೇಲೆ ಬಟ್ಟೆ ಒಣಗಹಾಕಿದ್ದೆ. ಅದನ್ನು ತೆಗೆದು ಮಡಿಚಿಟ್ಟಳು.

"ನಾನು ಅರ್ಧ ಮಾತ್ರ ಹೇಳಿದ್ದೆ ನಿನಗೆ" ಎಂದೆ.

"ಗೊತ್ತು. ಅರ್ಧಕ್ಕೆ ಅರ್ಧ ಔಷಧಿ ಕೊಟ್ಟೆ. ಈಗ ಪೂರ್ತಿ ಹೇಳು."

ಮುಕ್ಕಾಲು ಗಂಟೆ ಕೂತಳು. ಟೋರಿಲ್ ಬಗ್ಗೆ ಕೇಳಿದಳು. ನಾನು ಅತ್ತುಬಿಟ್ಟೆ. ಬರೆದರೆ ತಪ್ಪೇನಿಲ್ಲ. ಇವತ್ತು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆ. ರಾತ್ರಿ ಒಂಬತ್ತಕ್ಕೆ ಹಾಸಿಗೆ. ಮಧ್ಯಾಹ್ನ ಆಕಾಶ ನೀಲಿಯಾಗುವ ಆ ಎರಡು ಗಂಟೆಯಲ್ಲಿ ಹೊರಗೆ ನಡೆಯಬೇಕು, ಗಾಳಿಯಿದ್ದರೂ. ವಾರಕ್ಕೊಮ್ಮೆ ಬಂದು ಮಾತಾಡಬೇಕು. ಮತ್ತೆ ದೀಪ.


ಜನವರಿ 15, ಬುಧವಾರ

ಎದ್ದದ್ದು 5.10. ದೀಪ 30. ಎರಡು.

ಎದುರಿನ ಪರದೆ ಮುಚ್ಚಿಯೇ ಇದೆ. ಆದರೆ ಅಂಚಿನಲ್ಲಿ ಬಿಳಿ ಗೆರೆ. ಅವರೂ ಕೂತಿದ್ದಾರೆ. ಅದನ್ನೇ ನೋಡುತ್ತ ಅರ್ಧ ಗಂಟೆ ಮುಗಿಸಿದೆ.


ಜನವರಿ 22, ಬುಧವಾರ

ಎರಡು ದಿನದ ಮೋಡ ಇವತ್ತು ಸರಿಯಿತು. ಸೂರ್ಯ ಮರಳುವ ದಿನದ ವಾಡಿಕೆಯಂತೆ ಹಳೇ ಕೋಟೆಯಿಂದ ತೋಪು ಹಾರಿಸಿದರು. ಶಾಲೆಗೆ ರಜೆ. ಊರೆಲ್ಲ ಗುಡ್ಡದ ಮೇಲೆ. ಸೂರ್ಯ ಬಂದ, ಕಿತ್ತಳೆ ಬಣ್ಣ, ಐದಾರು ನಿಮಿಷ. ಎಲ್ಲರ ಮುಖಗಳೂ ಕೆಂಪಗೆ. ಜನರಿಂದ ಸ್ವಲ್ಪ ದೂರ ನಿಂತಿದ್ದೆ.

ಇಡುನ್ ನನ್ನನ್ನು ಕಂಡು ಓಡಿ ಬಂದಳು. "ಆರ್ನ್‌ಫಿನ್, ಹೊಸ ಡ್ರೈವರ್ ಮಾತೇ ಆಡಲ್ಲ. ನಿಮಗೆ ನಿದ್ದೆ ಬರೋ ಕಾಯಿಲೆ ಅಂತೆ. ಹೋಯ್ತಾ?"

"ಇನ್ನೂ ಸ್ವಲ್ಪ ಇದೆ."

"ಬೇಗ ಕಳಿಸಿ ಅದನ್ನ."

ಹಿಂದಿನಿಂದ ಯೋರ್ಡಿಸ್ ಬಂದು ಅವಳ ಕೈ ಹಿಡಿದರು. ನನ್ನನ್ನು ನೋಡಲಿಲ್ಲ. ಸೂರ್ಯನಿದ್ದ ಕಡೆಯೇ ನೋಡುತ್ತ, "ಸಣ್ಣಗಾಗಿದೀಯ" ಎಂದರು. ಹೋದರು.

ಮನೆಗೆ ಬಂದು ಟೋರಿಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಅತ್ತಳು. ಬರುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ನಾಲ್ಕು.


ಫೆಬ್ರವರಿ 11, ಮಂಗಳವಾರ. ಸಂಜೆ

ಡಾಕ್ಟರ ಕಾಗದ ಸಿಕ್ಕಿತು, ಓಡಿಸಬಹುದು. ಆದರೆ ಮಕ್ಕಳ ಮನೆಯವರು ಒಪ್ಪಬೇಕು ಎಂದ ಸ್ವೈನುಂಗ್. ಶಾಲೆಯಲ್ಲಿ ಸಭೆ. ಪುಟ್ಟ ಮಕ್ಕಳ ಕುರ್ಚಿಗಳಲ್ಲಿ ದೊಡ್ಡವರು. ನಿಂತು ಹೇಳಿದೆ. ಎರಡು ಸಲವೂ ಏನಾಯಿತು, ಯಾರಿಗೆ ಸುಳ್ಳು ಹೇಳಿದೆ, ಈಗ ಏನು ಔಷಧಿ. ಹಿಂದಿನ ಸಾಲಿನಲ್ಲಿ ಒಬ್ಬ ತಂದೆ, "ಒಳ್ಳೆ ಮನುಷ್ಯ ಹೌದು. ಆದ್ರೂ ನನ್ನ ಮಗನ್ನ ಹತ್ತಿಸಲ್ಲ" ಎಂದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆಗ ಯೋರ್ಡಿಸ್. ಏಳಲೂ ಇಲ್ಲ, ಕೂತಲ್ಲಿಂದಲೇ. "ಮುಂದಿನ ಸೀಟಲ್ಲಿ ನಾನು ಕೂರ್ತೀನಿ. ದಿನಾ. ಹೋಗ್ತಾ, ಬರ್ತಾ. ಇವನು ಕಣ್ಣು ಮಿಟುಕಿಸಿದ್ರೂ ನನಗೆ ಗೊತ್ತಾಗುತ್ತೆ."

"ಎಷ್ಟು ದಿನ ಅಂತ ಕೂರ್ತೀರಿ?" ಸ್ವೈನುಂಗ್ ಕೇಳಿದ.

"ನನಗೆ ಬೇಜಾರಾಗೋ ತನಕ. ನಲವತ್ತು ವರ್ಷ ಮೀನು ನೋಡಿದೀನಿ, ಇವನನ್ನ ನೋಡೋಕೇನು."

ಆ ತಂದೆಯೂ ಸೇರಿ ಎಲ್ಲರೂ ನಕ್ಕರು. ಅವನೊಬ್ಬನನ್ನು ಬಿಟ್ಟು ಉಳಿದವರು ಒಪ್ಪಿ ಕೈ ಎತ್ತಿದರು. ಯೋರ್ಡಿಸ್ ಮಾತ್ರ ನಗಲಿಲ್ಲ.


ಫೆಬ್ರವರಿ 17, ಸೋಮವಾರ

ಆರೂವರೆಗೆ ಯೋರ್ಡಿಸ್ ಬಸ್ ಹತ್ತಿದರು. ನಮಸ್ಕಾರವಿಲ್ಲ, ಏನಿಲ್ಲ. ಕೈಚೀಲ ಮಡಿಲಲ್ಲಿಟ್ಟುಕೊಂಡು ನನ್ನ ಕಡೆಗೇ ತಿರುಗಿ ಕೂತರು. ಬರುವಾಗ ಹತ್ತು ಮಕ್ಕಳು, ಒಬ್ಬನನ್ನು ಕಳಿಸಿರಲಿಲ್ಲ. ಸುರಂಗಕ್ಕೆ ಇಳಿದೆವು.

"ಆರ್ನ್‌ಫಿನ್, ಏಳೆಂಟ್ಲಿ?" ಯೋರ್ಡಿಸ್ ಮಗ್ಗಿ ಕೇಳಿದರು.

"ಐವತ್ತಾರು."

"ಹದಿಮೂರು ಒಂಬತ್ಲಿ?"

ತಡವರಿಸಿದೆ. ಹಿಂದಿನಿಂದ ಇಡುನ್ ನೂರಾ ಹದಿನೈದು ಎಂದಳು, ಇನ್ನೊಬ್ಬ ಅಲ್ಲ, ನೂರಾ ಹದಿನೇಳು ಎಂದ, ಜಗಳವಾಯಿತು. ಹೊರಗೆ ಬಂದಾಗ ಆಕಾಶ ಬೆಳ್ಳಗಿತ್ತು. ಇಡೀ ಸುರಂಗ ನೆನಪಿದೆ. ಪ್ರತಿ ದೀಪ.

ಮಕ್ಕಳು ಇಳಿದ ಮೇಲೆ ಯೋರ್ಡಿಸ್ ಕೂತೇ ಇದ್ದರು.

"ಕ್ಷಮಿಸಿದೀನಿ ಅಂದ್ಕೋಬೇಡ."

"ಇಲ್ಲ."

"ನಿನ್ನ ಪಾಡಿಗೆ ನಿನ್ನ ಬಿಟ್ರೆ ಆ ಮನೇಲಿ ಸತ್ತೇಹೋಗ್ತೀಯ. ನಾನೂ ಒಬ್ಳೇ ಇರೋಳು, ನಂಗೊತ್ತು ಅದು. ಅದಕ್ಕೆ ಬಂದೆ. ಅಷ್ಟೇ."

ಕನ್ನಡಿ ನೋಡಿದೆ.

"ಸರಿ, ಗೇರ್ ಹಾಕು. ಕಾಲು ಹೆಪ್ಪುಗಟ್ತಾ ಇದೆ."


ಫೆಬ್ರವರಿ 18, ಮಂಗಳವಾರ. ಬೆಳಿಗ್ಗೆ 5.50

ಎದ್ದದ್ದು 4.55. ದೀಪ 26, ಹೊತ್ತಾಯಿತು. ಟೋರಿಲ್‌ಗೆ ಭಾನುವಾರ ಫೋನ್ ಮಾಡಬೇಕು. ಈಸ್ಟರ್ ರಜೆಗೆ ನಾನೇ ಬರಲೇ ಎಂದು ಕೇಳಬೇಕು. ಬೇಡ ಎನ್ನಬಹುದು. ಆದರೂ ಕೇಳಬೇಕು.

ಎದುರು ಮನೆಯ ಬಾಗಿಲು ಸದ್ದಾಯಿತು. ಯೋರ್ಡಿಸ್. ಇಷ್ಟು ಬೇಗ. ಗ್ಯಾರೇಜಿನವರೆಗೂ ಜೊತೆಗೇ ನಡೆಯುತ್ತಾರೋ ಏನೋ. ರಸ್ತೆಯ ನಡುವೆ ನಿಂತು ನನ್ನ ಕಿಟಕಿ ನೋಡುತ್ತಿದ್ದಾರೆ. ಬೂಟು ಎಲ್ಲಿಟ್ಟೆ… ಬಗ್ಗಿ ಹಿಮ ಎತ್ತಿಕೊಂಡರು. ಉಂಡೆ ಕಟ್ಟುತ್ತಿದ್ದಾರೆ. ಒಂದು ಗೋಡೆಗೆ ಬಿತ್ತು. ಈಗ ಹೋಗದಿದ್ದರೆ ಎರಡನೆಯದು ಗಾಜಿಗೇ…