ಓಡಿ ಬಂದ ಕಾರ್ಡು, ಕುಂಟಿದ ಕಾರ್ಡು

ವಿಜಾಪುರ
೧೨ ನವೆಂಬರ್ ೧೯೬೬

ಕನ್ನಡ ಸಾಲಿಯ ಅಕ್ಕಾರಾದ ಮಲಕವ್ವನವರಿಗೆ ಅಂಚೆ ಇನ್ಸ್‌ಪೆಕ್ಟರ್ ಅಂಬಾದಾಸನ ಶರಣು.

ಎರಡು ವರ್ಷ ತಿಂಗಳಿಗೊಂದರಂತೆ ನಿಮಗೆ ಕಾರ್ಡು ಬರೆದೆ. ಒಂದರಲ್ಲಾದರೂ ‘ಹೇಗಿದ್ದೀರಿ’ ಎಂದು ಕೇಳಲಿಲ್ಲ. ಬರುವ ತಿಂಗಳು ನಾನು ನೌಕರಿಯಿಂದ ನಿವೃತ್ತನಾಗುತ್ತೇನೆ. ಅದಕ್ಕೂ ಮೊದಲು ನಿಮಗೆ ಒಂದು ಮಾತು ಹೇಳಬೇಕಾಗಿದೆ. ಎದುರಿಗೆ ನಿಂತು ಹೇಳುವ ಧೈರ್ಯ ಸಾಲದೆ ಬರೆಯುತ್ತಿದ್ದೇನೆ.

೧೯೬೦ರ ಬೇಸಿಗೆಯಲ್ಲಿ, ಟಿಕೋಟಾದ ಆಚೆಯ ನಿಮ್ಮ ಊರಿಗೆ ನಾನು ಮೊದಲ ಸಲ ಬಂದದ್ದು ನೆನಪಿದೆಯೇ? ಟಪಾಲು ಸರಿಯಾದ ಹೊತ್ತಿಗೆ ಮನೆ ಮುಟ್ಟುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತು ಕಾಯುವುದಕ್ಕಾಗುತ್ತದೆಯೇ? ಅದಕ್ಕೇ ಊರಿಗೊಬ್ಬ ನಂಬಿಕಸ್ಥರನ್ನು ಹುಡುಕಿ, ಅವರ ಹೆಸರಿಗೆ ವಿಜಾಪುರದಿಂದ ಒಂದು ಪರೀಕ್ಷೆಯ ಕಾರ್ಡು ಹಾಕುತ್ತಿದ್ದೆವು. ಅದು ಕೈಸೇರಿದ ದಿನ, ಹೊತ್ತು ಬರೆದು ಅವರು ಹಿಂದಕ್ಕೆ ಕಳಿಸಬೇಕು. ಮುಲ್ಕಿ ಪರೀಕ್ಷೆ ಪಾಸಾಗಿ ಸಾಲಿ ಕಲಿಸುತ್ತಿದ್ದ ನೀವು ಒಪ್ಪಿಕೊಂಡಿರಿ. ಆದರೆ ಒಪ್ಪುವ ಮೊದಲು ಕೇಳಿದಿರಿ: “ಇದರಿಂದ ಊರ ಮಂದಿಗೆ ಉಪಯೋಗ ಆಗತೈತೇನ್ರಿ?”

“ಆಗತೈತ್ರಿ ಅಕ್ಕಾರ. ತಡಾ ಆದ್ರ ನಮಗ ಗೊತ್ತಾಗತೈತಿ,” ಅಂದಿದ್ದೆ ನಾನು.

ನಿಮ್ಮ ಕಾರ್ಡುಗಳು ತಪ್ಪದೆ ಹಿಂದೆ ಬಂದವು. ಹಾಕಿದ ಮರುದಿನ, ಹೆಚ್ಚೆಂದರೆ ಎರಡನೆಯ ದಿನ ಮುಟ್ಟಿದ್ದವು. ವರದಿಯಲ್ಲಿ ನಿಮ್ಮೂರಿನ ಹೆಸರಿನ ಮುಂದೆ ‘ಸಮರ್ಪಕ’ ಎಂದು ಬರೆಯುತ್ತಾ ಹೋದೆ. ಮೇಲಿನವರು ನನ್ನನ್ನು ಹೊಗಳಿದರು. ನನಗೂ ಹಿತವಾಗಿತ್ತು.

೧೯೬೧ರ ಡಿಸೆಂಬರಿನ ಕಾರ್ಡಿನಲ್ಲಿ ದಿನ, ಹೊತ್ತುಗಳ ಕೆಳಗೆ ನೀವು ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದಿರಿ. “ನಿಮ್ಮ ಕಾರ್ಡು ಓಡಿ ಬರ್ತಾವ್ರಿ, ಊರ ಮಂದಿ ಕಾಗದ ಕುಂಟ್ಕೋತ ಬರ್ತಾವ. ಒಮ್ಮೆ ಬಂದು ನೋಡ್ರಿ.”

ಓದಿದೆ ಅಕ್ಕಾರ, ಒಮ್ಮೆಯಲ್ಲ, ಎರಡು ಸಲ. ಸಾಲಿ ಕಲಿಸುವ ಹೆಣ್ಣುಮಗಳು ನನ್ನ ಕೆಲಸ ನನಗೆ ಕಲಿಸುತ್ತಿದ್ದಾಳೆ ಎಂದು ಮನಸ್ಸು ಕಹಿಯಾಯಿತು. ಕಾರ್ಡನ್ನು ಫೈಲಿಗೆ ಸೇರಿಸಿ, ಆ ತಿಂಗಳೂ ‘ಸಮರ್ಪಕ’ ಎಂದೇ ಬರೆದೆ.

ನಾಲ್ಕು ತಿಂಗಳ ಮೇಲೆ ಬಬಲೇಶ್ವರದಿಂದ ನಿಮ್ಮೂರ ತಿಪ್ಪವ್ವನಿಗೆ ಅಳಿಯ ಭಾಗಪ್ಪ ಕಾರ್ಡು ಹಾಕಿದ. “ರೇಣವ್ವಗ ಬಾಣಂತಿ ಜ್ವರ. ನಿಮ್ಮ ಹೆಸರ ಹಿಡದಾಳ. ಲಗೂನ ಬರ್ರಿ.” ಎರಡು ದಿನಕ್ಕೆ ಅತ್ತೆ ಬರುತ್ತಾಳೆಂದು ಆತ ದಾರಿ ನೋಡಿದ. ಆರನೆಯ ದಿನ ತಿಪ್ಪವ್ವನ ಮಗಳು ರೇಣವ್ವ ತೀರಿಕೊಂಡಳು. ಆ ಸುದ್ದಿಯನ್ನು ಆಳೊಬ್ಬ ಕಾಲ್ನಡಿಗೆಯಲ್ಲಿ ತಂದ. ‘ಬಾ’ ಎಂದು ಕರೆದ ಕಾರ್ಡು ಮಣ್ಣಾದ ಮೂರು ದಿನಕ್ಕೆ ಬಂತು. ಓದಲು ಬಾರದ ತಿಪ್ಪವ್ವ ಅದನ್ನು ಹಿಡಿದುಕೊಂಡು ನಿಮ್ಮ ಸಾಲಿಗೆ ಬಂದಳು. ನೀವೇ ಅದನ್ನು ಆಕೆಗೆ ಓದಿ ಹೇಳಬೇಕಾಯಿತು. ಆಮೇಲೆ ಆಕೆಯ ಹೆಬ್ಬೆಟ್ಟು ಒತ್ತಿಸಿ ನಮಗೆ ತಕರಾರು ಬರೆದವರೂ ನೀವೇ. ಅದರಲ್ಲಿ ನನಗೆ ಮೊದಲೇ ತಿಳಿಸಿದ್ದಿರೆಂಬ ಒಂದು ಶಬ್ದವೂ ಇರಲಿಲ್ಲ.

ಆಗ ಬಂದೆ ನಾನು. ನಿಮ್ಮ ಭಾಗದ ಪೋಸ್ಟಮನ್ ಖಂಡಪ್ಪನ ಬೆನ್ನು ಹತ್ತಿ ಒಂದು ದಿನವಿಡೀ ನಡೆದೆ. ಹಿಂದಿನ ದಿನ ಮಳೆ ಬಿದ್ದಿತ್ತು. ಕಪ್ಪು ಎರಿ ಮಣ್ಣು ಕಾಲಿನ ಕೆರಕ್ಕೆ ಮೆತ್ತಿ ಒಂದೊಂದು ಹೆಜ್ಜೆಯೂ ಭಾರ. ಅವನ ಪಾಲಿಗಿದ್ದದ್ದು ಏಳು ಹಳ್ಳಿ. ಹೊತ್ತು ಮುಳುಗುವಾಗ ನಾವು ನಾಲ್ಕನೆಯದರಲ್ಲಿದ್ದೆವು. ಬೇವಿನ ಗಿಡದ ಕೆಳಗೆ ಕುಳಿತು ಅವನೇ ಹೇಳಿದ: “ಸಾಹೇಬ್ರ, ನಿಮ್ಮ ಅಕ್ಷರ ನನಗ ಗುರ್ತ ಐತ್ರಿ. ಅದು ಕಂಡ ಕೂಡ್ಲೆ ಉಳದದ್ದೆಲ್ಲಾ ಬಿಟ್ಟು ಆ ಒಂದು ಊರಿಗೆ ಓಡತಿದ್ದೆ. ಮಂದಿ ಕಾಗದ ಒಂದು ಚೀಲ ಆಗೂತನಕ ಇಟ್ಕೋತಿದ್ದೆ. ಏಳೂ ಊರು ದಿನಾ ತಿರಗಾಕ ಆಗೂದಿಲ್ರಿ. ಹೇಳಿದ್ರ ನೌಕರಿ ಹೋಗತಿತ್ತು.”

ಎರಡು ವರ್ಷ ನಾನು ಪರೀಕ್ಷೆ ಮಾಡಿದ್ದು ನನ್ನ ಕಾರ್ಡುಗಳನ್ನಷ್ಟೆ. ಜನರ ಟಪಾಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ನಿಮ್ಮ ಸಾಲಿಯಲ್ಲೇ ವಿಚಾರಣೆ ನಡೆಯಿತು. ಖಂಡಪ್ಪನೊಬ್ಬನಿಗೆ ಹಳ್ಳಿಗಳು ಹೆಚ್ಚಾಗಿವೆ, ನನ್ನ ಪರೀಕ್ಷೆಯ ರೀತಿಯೇ ತಪ್ಪು ಎಂದು ಒಪ್ಪಿಕೊಂಡೆ. ಆಗ ಮೇಲಿನ ಅಧಿಕಾರಿ, “ಈ ವಿಷಯ ನಿಮಗೆ ಮೊದಲೇ ಯಾರಾದರೂ ತಿಳಿಸಿದ್ದರೇ?” ಎಂದು ಕೇಳಿದರು. ನೀವು ಬಾಗಿಲ ಹತ್ತಿರ ನಿಂತಿದ್ದಿರಿ. ನಾನು, “ಇಲ್ಲ ಸರ್,” ಅಂದೆ.

ನೀವು ನನ್ನನ್ನು ಒಂದು ಗಳಿಗೆ ನೋಡಿದಿರಿ. ಏನೂ ಅನ್ನಲಿಲ್ಲ. ಖಂಡಪ್ಪನನ್ನು ಆರು ತಿಂಗಳು ಕೆಲಸದಿಂದ ಹೊರಗಿಟ್ಟರು. ನನಗೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟರು.

ಅಂದಿನಿಂದ ಕೆಲಸವನ್ನು ಬೇರೆ ಥರ ಮಾಡಿದೆ. ನನ್ನ ಹೆಂಡತಿ, ನೆರೆಮನೆಯ ಮುಮತಾಜ, ಯಾರ್‍ಯಾರ ಕೈಯಲ್ಲೋ ಪರೀಕ್ಷೆಯ ಕಾರ್ಡಿಗೆ ವಿಳಾಸ ಬರೆಸಿ, ಒಮ್ಮೆ ಒಂದು ಮನೆಗೆ, ಒಮ್ಮೆ ಇನ್ನೊಂದಕ್ಕೆ ಹಾಕಿಸಿದೆ. ಮೊದಲ ಇಪ್ಪತ್ತರಲ್ಲಿ ಹದಿಮೂರು ತಡವಾಗಿದ್ದವು. ಆ ಲೆಕ್ಕ ಹಿಡಿದು ಬೆನ್ನು ಬಿಡದೆ ಬರೆದ ಮೇಲೆ ಮೂರು ಹಳ್ಳಿಗೆ ಹೊಸ ಪೋಸ್ಟಮನ್ ಸಾಬಣ್ಣ ಬಂದ. ಖಂಡಪ್ಪನಿಗೆ ನಾಲ್ಕು ಉಳಿದವು. ಈಗ ನಿಮ್ಮೂರಿಗೆ ದಿನಾ ಟಪಾಲು ಬರುತ್ತದೆ.

ಆದರೂ ಆ ‘ಇಲ್ಲ ಸರ್’ ಎಂಬ ಮಾತು ಎದೆಯಲ್ಲಿ ಹಾಗೇ ಇತ್ತು. ಹೋದ ವಾರ ನಿಮ್ಮ ಡಿಸೆಂಬರಿನ ಕಾರ್ಡನ್ನು ಫೈಲಿನಿಂದ ತೆಗೆದು, ನಾನು ಸುಳ್ಳು ಹೇಳಿದ್ದೆನೆಂದು ಬರೆದು ಅದರ ಜೊತೆ ಮೇಲಿನ ಕಚೇರಿಗೆ ಕಳಿಸಿದೆ. ಏನು ಮಾಡುತ್ತಾರೋ ಮಾಡಲಿ. ಖಂಡಪ್ಪನಿಗೂ ಹೇಳಿದೆ. ಅವನು ಚೀಲ ಹೆಗಲಿಗೇರಿಸಿಕೊಂಡು ಹೋದ. ನನ್ನ ಮೋರೆ ನೋಡಲಿಲ್ಲ.

ಮೊನ್ನೆ ತಿಪ್ಪವ್ವನ ಮನೆಗೆ ಹೋಗಿ ಎಲ್ಲ ಹೇಳಿದೆ. ಆಕೆ ಜೋಳ ಹಸನು ಮಾಡುತ್ತಾ ಕೇಳಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಅಕ್ಕಾರ ಮುಂದ ಹೇಳೀಯೇನ ಯಪ್ಪಾ?” ಅಂದಳು.

“ಇಲ್ಲವ್ವಾ.”

“ಮೊದ್ಲ ಆಕಿಗೆ ಹೇಳು. ಅಳಿಯನ ಆ ಕಾರ್ಡು ನನಗ ಓದಿ ಹೇಳಿದಾಕಿ ಆಕಿ. ತಾ ನಿನಗ ಇನ್ನೊಮ್ಮೆ ಬರದು ತಿಳಿಸಿದ್ರ ನನ್ನ ಮಗಳು ಉಳೀತಿದ್ದಳೇನೋ ಅಂತ ಇವತ್ತಿಗೂ ನನ್ನ ಕಂಡ್ರ ತೆಲಿ ತಗ್ಗಸ್ತಾಳ.”

ಇದು ನನಗೆ ಗೊತ್ತಿರಲಿಲ್ಲ ಅಕ್ಕಾರ. ನಿಮ್ಮ ಮೌನವನ್ನು ನಾನು ಕ್ಷಮೆ ಎಂದುಕೊಂಡಿದ್ದೆ. ನೀವು ನನ್ನ ತಪ್ಪನ್ನು ನಾಲ್ಕು ವರ್ಷ ಹೊತ್ತುಕೊಂಡು ತಿರುಗುತ್ತಿದ್ದಿರಿ.

ಒಂದು ಸಲ ಬರೆದದ್ದೇ ಸಾಕಾಗಿತ್ತು. ನೀವು ಹೇಳಿದ್ದಿರಿ. ಕೇಳದೆ ಹೋದವನು ನಾನು. ಇನ್ನು ಮೇಲೆ ತಿಪ್ಪವ್ವ ಎದುರಾದರೆ ತಲೆ ಎತ್ತಿ ಮಾತಾಡಿಸಿರಿ. ಆಕೆ ಅದಕ್ಕಾಗಿ ಕಾಯುತ್ತಿದ್ದಾಳೆ.

ನಿಮ್ಮ ಸಾಲಿ ತುಂಬಿರಲಿ, ನಿಮ್ಮ ಮನಸ್ಸು ಹಗುರಾಗಲಿ ಎಂದು ಹಾರೈಸುವ,

ನಿಮ್ಮ ಮಾತನ್ನು ತಡವಾಗಿ ಕೇಳಿದ
ಅಂಬಾದಾಸ