ಶನಿವಾರದ ಕೆಂಪು ದಾರ

ರಾಣೆಬೆನ್ನೂರು
ಬುಧವಾರ, ೧೮ ಜೂನ್ ೨೦೨೫

ಚಿ. ಸೌ. ಸುಶ್ಮಿತಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಯ ಕ್ಷೇಮದ ಬಗ್ಗೆ ನನಗೆ ನಂಬಿಕೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ಶನಿವಾರದಿಂದ ನೀನು ನನ್ನ ಫೋನ್ ಎತ್ತಿಲ್ಲ. ಫೋನಿನಲ್ಲಿ ನಾನು ಕಂಡದ್ದನ್ನು ಅಂದು ಸಂಜೆ ಅಳಿಯಂದಿರಿಗೆ ಹೇಳಿದರೆ, "ಹೊಂಡಕ್ಕ ಬೇಲಿ ಐತ್ರಿ ಅತ್ತಿ, ನೀವ್ಯಾಕ ತಲಿ ಕೆಡಿಸ್ಕೋತೀರಿ" ಎಂದು ನಕ್ಕರು. ಸೋಮವಾರದಿಂದ ಅವರೂ ಬೀಜದ ಪ್ಲಾಟುಗಳ ತಿರುಗಾಟದಲ್ಲಿದ್ದಾರೆ, ಫೋನ್ ಹತ್ತುತ್ತಿಲ್ಲ. ಅವರ ಕಂಪನಿಯ ಪ್ರೇಮಕುಮಾರ ಇವತ್ತು ನಿಮ್ಮ ಥಾಯ್ಲೆಂಡಿಗೆ ಹೊರಟಿದ್ದಾನೆ. ಬ್ಯಾಡಗಿ ಮೆಣಸಿನಪುಡಿಯ ಡಬ್ಬಿಯ ಜೊತೆ ಈ ಕಾಗದವನ್ನು ಶುಕ್ರವಾರ ನಿನ್ನ ಕೈಗೇ ಕೊಡಬೇಕೆಂದು ತಾಕೀತು ಮಾಡಿದ್ದೇನೆ. ಶನಿವಾರ ಮಕ್ಕಳು ಸೇರುವ ಮೊದಲು ಓದು.

ಮೊಮ್ಮಗಳು ಇಂಚರಾ ಇಂಗ್ಲಿಷ್ ಕಲಿಯಬೇಕು ಎಂದು ಹಟ ಹಿಡಿದವಳು ನಾನೇ. ಈಗಲೂ ಅದನ್ನೇ ಹೇಳುತ್ತೇನೆ. ಕಳೆದ ವರ್ಷ ನೀವು ಬಂದಾಗ, ಸೋಮಪ್ಪನ ಮೊಮ್ಮಗನ ತೊಟ್ಟಿಲ ದಿನ ನಮ್ಮ ಓಣಿಯ ಜಯವ್ವ ಮಾಡಿದ್ದು ನಿನಗೆ ನೆನಪಿರಬೇಕು. ಇಂಚರಾಳನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು, ಮಗು ನನ್ನ ಸೆರಗಿನ ಹಿಂದೆ ಅಡಗಿತು. "ಏನ ದೇವಕ್ಕ, ಇಮಾನ ಹತ್ತಿ ಹೋದ ಕೂಸಿಗಿಂತ ನಮ್ಮ ಓಣಿ ಕಾನ್ವೆಂಟಿನ ಕೂಸ ವಾಸಿ ಬಿಡ!" ಅಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಶಾಲೆಯಲ್ಲಿ ಥಾಯ್, ಮನೆಯಲ್ಲಿ ಕನ್ನಡ, ಇಂಗ್ಲಿಷ್ ಕಿವಿಗೆ ಬೀಳುವುದಾದರೂ ಎಲ್ಲಿಂದ ಎಂದು ನೀನು ಹೇಳಿದ್ದು ನ್ಯಾಯವೇ. ಆದರೆ ನಗೆಪಾಟಲಾದವಳು ನಾನು.

ನೀನು ಕಂಪನಿ ಕಾಲೊನಿಯ ಮಕ್ಕಳನ್ನೆಲ್ಲ ಶನಿವಾರ ಕೂಡಿಸತೊಡಗಿದಾಗ ನನಗೆ ಹೆಮ್ಮೆಯೇ ಆಗಿತ್ತು. ಹಾಡು, ಸಣ್ಣ ನಾಟಕ, ಎಲ್ಲರೂ ಸೇರಿ ಕೋಸಂಬರಿ ಮಾಡುತ್ತ ಕಾಯಿಪಲ್ಲೆಯ ಹೆಸರು ಹೇಳುವುದು. ನೀನು ಅಲ್ಲಿ ಅಂಗಳದ ಕಟ್ಟೆಯ ಮೇಲೆ ಫೋನ್ ಆನಿಸಿ ಇಡುತ್ತಿದ್ದೆ, ನಾನು ಇಲ್ಲಿ ಓಣಿಯವರನ್ನು ಕರೆದು ತೋರಿಸುತ್ತಿದ್ದೆ, ಜಯವ್ವನನ್ನು ಮೊದಲು.

ಆಮೇಲೆ, ಮಕ್ಕಳು ತಮ್ಮ ತಮ್ಮ ಮಾತಿಗೇ ಜಾರುತ್ತಾರೆ ಎಂದು ನೀನು ಬೇಸರಪಟ್ಟೆ. ನಮ್ಮ ಬೀಜದ ಪ್ಲಾಟಿನಲ್ಲಿ ಪರಾಗ ಮುಟ್ಟಿಸಿ ಕ್ರಾಸಿಂಗ್ ಮಾಡಿದ ಹೂವಿಗೆ ಗುರುತಿನ ಕೆಂಪು ದಾರ ಕಟ್ಟುತ್ತೇವಲ್ಲ, ಹಾಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರ ಕೈಗೆ ದಾರ ಕಟ್ಟು, ಇನ್ನೊಬ್ಬರು ತಪ್ಪುವ ತನಕ ಅಲ್ಲೇ ಇರಲಿ ಎಂದವಳು ನಾನೇ. ದಾರದ ಉಂಡೆಯನ್ನೂ, ಇಂಚರಾಳಿಗೆಂದು ನಾನೇ ಹೊಲಿದ ಲಂಗವನ್ನೂ ಕಳಿಸಿದೆ. ಆಟ ರಂಗೇರಿತು. ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಡುವುದನ್ನು ಕಲಿತರು. ದಾರ ಇದ್ದವರ ಜೊತೆ ಆಡಬಾರದು ಎಂದು ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ಅವರೇ ಮಾಡಿಕೊಂಡರು.

ಹೋದ ಶನಿವಾರ ನಾನು ಫೋನಿನಲ್ಲಿ ಕೂಗಿ ಎಲ್ಲ ತಾಯಂದಿರ ಮುಂದೆ ನಿನ್ನ ಮಾನ ಕಳೆದೆ ಎಂದು ನಿನಗೆ ಸಿಟ್ಟು. ಯಾಕೆ ಕೂಗಿದೆ ಎಂದು ಕೇಳುವ ಮೊದಲೇ ನೀನು ಫೋನ್ ಕಟ್ ಮಾಡಿದೆ. ನೀನು ಹಾಡು ಹೇಳಿಸುತ್ತಿದ್ದೆ. ನಿನ್ನ ಬೆನ್ನ ಹಿಂದೆ, ದೂರದಲ್ಲಿ, ಒಂದು ಮಗು ತಂತಿಬೇಲಿಯ ಕೆಳಗೆ ನುಸುಳಿ ಹೊಂಡದ ಕಡೆ ಹೋಯಿತು. ಪ್ಲಾಟಿಗೆ ನೀರು ಬಿಡುವ ಹೊಂಡ. ಎರಡಾಳು ಆಳ ಎಂದು ನೀನೇ ಹೇಳಿದ್ದೆ. ಯಾವ ಮಗು ಎಂದು ಫೋನಿನಲ್ಲಿ ಗುರುತು ಸಿಗಲಿಲ್ಲ. ಆದರೆ ಉಳಿದ ಮಕ್ಕಳು ನೋಡಿದರು. ನೋಡಿ, ಮತ್ತೆ ನಿನ್ನ ಕಡೆ ತಿರುಗಿ ಹಾಡಿದರು. ಯಾರೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಇಂಗ್ಲಿಷಿನಲ್ಲಿ ಹೇಳಲು ಬಾರದು. ತಮ್ಮ ಮಾತಿನಲ್ಲಿ ಹೇಳಿದರೆ ದಾರ ತಮ್ಮ ಕೈಗೆ.

ರವಿವಾರ ಇಂಚರಾ ಅಪ್ಪನ ಫೋನ್ ಎತ್ತಿಕೊಂಡು, ಬಚ್ಚಲಮನೆಯಲ್ಲಿ ಕೂತು ನನ್ನೊಡನೆ ಪಿಸುಗುಟ್ಟಿದಳು. "ದಾರ ಇದ್ದಾಗ ಒಬ್ಬಾಕಿ ಹೊಂಡದ ದಂಡಿಗೆ ಹೋಗಿ ಕುಂದ್ರತಾಳ ಅಜ್ಜಿ. ನೀರಾಗ ಕಾಲ ಇಳಿಬಿಡ್ತಾಳ. ಮೀನಿಗೆ ಇಂಗ್ಲಿಷ್ ಬ್ಯಾಡಲ್ಲ, ಅದಕ್ಕ. ಬರೋ ಶನಿವಾರ ಒಳಗ ಇಳೀತಾಳಂತ." ಯಾರವಳು ಎಂದೆ. ಗೆಳತಿ ಎಂದಳು.

ಗುಂಪು ನಿಲ್ಲಿಸು ಎನ್ನುವುದಿಲ್ಲ. ಹಾಡು ಇರಲಿ, ಕೋಸಂಬರಿ ಇರಲಿ. ದಾರವನ್ನು ಸುಟ್ಟುಬಿಡು. ಬೇಲಿಯ ಕೆಳಗಿನ ಕಂಡಿ ಶುಕ್ರವಾರವೇ ಮುಚ್ಚಿಸು. ಹೆದರಿಕೆಯಾದಾಗ ಬಾಯಿಗೆ ಬಂದ ಮಾತಿನಲ್ಲೇ ಕೂಗಬೇಕು ಎಂದು ಎಲ್ಲ ಮಕ್ಕಳಿಗೂ ಕಲಿಸು. ನಾನು ಕ್ಷಮೆ ಕೇಳುವವಳಲ್ಲ, ನಿನಗೆ ಗೊತ್ತು. ಹೇಳಿದಷ್ಟು ಮಾಡು.

ಇಂತಿ ನಿನ್ನ ಅವ್ವ,
ದೇವವ್ವ

ತಾ. ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಒಂದು ಸಂಗತಿಯನ್ನು ಯಾರಿಗೂ ಹೇಳುವುದಿಲ್ಲ ಎಂದು ಇಂಚರಾಳಿಗೆ ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗೆ ತಪ್ಪಿದವಳಲ್ಲ ನಾನು, ಇವತ್ತು ತಪ್ಪುತ್ತಿದ್ದೇನೆ. ಆ ಗೆಳತಿ ಯಾವ ಲಂಗ ಹಾಕಿದ್ದಳು ಎಂದು ರವಿವಾರವೇ ಕೇಳಿದೆ. "ನೀ ಹೊಲದು ಕಳಿಸಿದ್ದು, ಅಜ್ಜಿ" ಎಂದಳು.