ಕೊನೆಗೆ ಸುಮ್ಮನೆ ಕೂರುವುದು

ರೈಲ್ವೆ ಕ್ವಾರ್ಟರ್ಸ್, ಅರಸೀಕೆರೆ
ಭಾನುವಾರ, ೧೪ ನವೆಂಬರ್ ೨೦೦೪

ಪ್ರೀತಿಯ ಇಂದು,

ಹೇಗಿದ್ದೀಯ? ಹ್ಯಾಂಬರ್ಗಿನಲ್ಲಿ ಈಗಲೇ ಸಂಜೆಗೆ ಮುಂಚೆ ಕತ್ತಲಾಗುತ್ತದೆ ಎಂದು ನೀನು ಬರೆದಿದ್ದೆ. ಹಿಮ್ಮಡಿ ಒಡೆದದ್ದು ವಾಸಿಯಾಯಿತೇ? ಬರಿಗಾಲಲ್ಲೇ ತರಗತಿ ಮಾಡಬೇಕಲ್ಲ, ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿಕೋ. ಅಲ್ಲಿ ಅನ್ನ ಸಿಗುತ್ತದೆಯೋ, ಬರೀ ಬ್ರೆಡ್ಡೋ? ನನಗೇನೂ ಆಗಿಲ್ಲ. ದೀಪಾವಳಿಯ ನೂಕುನುಗ್ಗಲಿನಲ್ಲಿ ಟಿಕೆಟ್ ಕೌಂಟರಿನಿಂದ ತಲೆ ಎತ್ತಲು ಆಗಲಿಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಈಗ ಸರಿಹೋಗಿದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಮುದ್ದೆ ಗಂಟಾಗುವುದು ಮಾತ್ರ ಇನ್ನೂ ನಿಂತಿಲ್ಲ.

ನಿನ್ನ ಕಾಗದವೂ ಅಲ್ಲಿನ ತರಗತಿಯ ಸಿ.ಡಿ.ಯೂ ಒಂದೇ ಲಕೋಟೆಯಲ್ಲಿ ಬಂದವು. ಉಲ್ರಿಕೆಯವರು ತಮ್ಮ ಯೋಗಶಾಲೆಯಲ್ಲಿ ನೀನು ಇನ್ನೊಂದು ವರ್ಷ ಇರಬೇಕೆಂದು ಕೇಳುತ್ತಿರುವ ವಿಷಯವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕೂತು ಓದಿದೆ. ಆಯಮ್ಮ ಹಳೇಬೀಡು ನೋಡಿ ಬಂದು, ರೈಲು ತಪ್ಪಿ ಅರಸೀಕೆರೆಯಲ್ಲೇ ಉಳಿದು, ಬೆಳಿಗ್ಗೆ ನಿನ್ನ ತರಗತಿಗೆ ಬಂದಿದ್ದರಲ್ಲ, ಅವತ್ತು ಅವರಿಗೆ ಫ್ಲಾಸ್ಕಿನಲ್ಲಿ ಕಾಫಿ ತಂದುಕೊಟ್ಟವನು ನಾನೇ. ಆರು ತಿಂಗಳು ತಾನೆ, ಹೋಗಿ ಬಾ ಎಂದವನೂ ನಾನೇ.

ಇಲ್ಲಿನ ನಿನ್ನ ತರಗತಿಯ ವಿಷಯ ಮುಚ್ಚಿಡುವುದಿಲ್ಲ. ಮೊದಮೊದಲು ಹೆಂಗಸರೆಲ್ಲ ಬರುತ್ತಿದ್ದರು. ಆಮೇಲೆ ಬಿ.ಎಚ್. ರಸ್ತೆಯಲ್ಲಿ ಪವರ್ ಯೋಗ ಎಂದು ಶುರುವಾಯಿತು. ಗಾಜಿನ ಬಾಗಿಲು, ಗೋಡೆ ತುಂಬ ಕನ್ನಡಿ, ಜೋರು ಹಾಡು. ಕಮಲಾಕ್ಷಮ್ಮನವರು ಅಲ್ಲಿಗೆ ಸೇರುವ ಮುಂಚೆ ನನ್ನ ಕೌಂಟರಿಗೇ ಬಂದು, "ಬೇಜಾರ್ ಮಾಡ್ಕೋಬೇಡಿ ಕಣ್ರೀ. ಇಂದೂ ಬಂದಮೇಲೆ ವಾಪಸ್ ಬತ್ತೀವಿ. ಅಲ್ಲಿ ಹೊಟ್ಟೆ ಬೇಗ ಕರಗ್ತದಂತೆ," ಎಂದರು. ಬೇಜಾರೇನಿಲ್ಲ ಎಂದೆ. ಈಗ ಉಳಿದಿರುವುದು ಪ್ಲಾಟ್‌ಫಾರಮ್ಮಿನಲ್ಲಿ ಹೂವು ಮಾರುವ ಲಕ್ಕಮ್ಮ ಒಬ್ಬಳೇ. ತರಗತಿಯ ಕೋಣೆಯ ಬೀಗದ ಕೈ ನನ್ನ ಹತ್ತಿರ ಇದೆಯಲ್ಲ, ಬಾಗಿಲು ತೆಗೆದು ನಾನು ಹೊರಗೆ ನಿಂತಿದ್ದರೆ, "ಒಬ್ಳೇ ಕುಂತ್ಕಳಕ್ಕೆ ಒಂಥರಾ ಆಯ್ತದೆ ಸಾರ್, ನೀವೂ ಬನ್ನಿ," ಎಂದು ಕರೆದಳು. ಇಷ್ಟು ವರ್ಷ ನೀನು ಕರೆದರೂ ಬಾರದವನು ಹೋಗಿ ಕೂತೆ. ಬೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಉಸಿರು ನೋಡೋಣವೆಂದು ಕಣ್ಣು ಮುಚ್ಚಿದರೆ ಹುಬ್ಬಳ್ಳಿ ಕಡೆಯ ಗಾಡಿ ಬಂದ ಸದ್ದು, ಅದರ ಹಿಂದೆಯೇ ನಿನ್ನ ನೆನಪು. ಆದರೂ ದಿನಾ ಹೋಗುತ್ತೇನೆ. ಬೆಳಿಗ್ಗೆ ಮನೆಯಲ್ಲಿರುವುದಕ್ಕಿಂತ ಅದೇ ವಾಸಿ.

ಹೋದ ಭಾನುವಾರ ಸಿ.ಡಿ. ತೆಗೆದುಕೊಂಡು ಹಾರನಹಳ್ಳಿಗೆ ಹೋಗಿದ್ದೆ. ನಿನ್ನ ತಾತನಿಗೆ ಮಂಡಿನೋವು ಇದೆ, ಕಿವಿ ಚುರುಕಾಗಿಯೇ ಇದೆ. ಅಜ್ಜಿ ಪಕ್ಕದ ಮನೆಯಿಂದ ಸಿ.ಡಿ. ಪ್ಲೇಯರ್ ತರಿಸಿದರು. ಪರದೆಯ ಮೇಲೆ ನೀನು ಬಂದ ಕೂಡಲೇ, "ಅಯ್ಯೋ ನನ್ ಕೂಸೇ, ಎಷ್ಟು ಸೊರಗೋಗೈತೆ!" ಎಂದು ಟಿ.ವಿ.ಯನ್ನೇ ಸವರಿದರು. ಬೆಚ್ಚಗಿನ ದೊಡ್ಡ ಕೋಣೆ, ಬಣ್ಣಬಣ್ಣದ ರಬ್ಬರ್ ಚಾಪೆಗಳು, ಮೈಗಂಟಿದ ಬಟ್ಟೆ ತೊಟ್ಟ ನೀನು, ಪಿಟೀಲಿನಂಥ ಏನೋ ಸಂಗೀತ. ಒಂದು ಆಸನದಿಂದ ಇನ್ನೊಂದಕ್ಕೆ ನೀರು ಹರಿದ ಹಾಗೆ ಹೋಗುತ್ತಿದ್ದೆ. ಅವರೆಲ್ಲ ಬೆವರುತ್ತ ಹಿಂದೆಯೇ ಬರುತ್ತಿದ್ದರು. ನನಗೆ ಹೆಮ್ಮೆಯಾಯಿತು. ತಾತ ಮಾತ್ರ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಬೌದ್ಧ ಭಿಕ್ಷು ಭಂತೇಜಿಯವರಿಂದ ತಾವು ಕಲಿತದ್ದನ್ನು ನಿನಗೆ ಸುಗ್ಗಿ ಮುಗಿದ ಕಣದಲ್ಲಿ ಕಂಬಳಿ ಹಾಸಿ ಹೇಳಿಕೊಟ್ಟವರು. ಬೇಸಿಗೆಯೆಲ್ಲ ಒಂದು ಆಸನವನ್ನೂ ಕಲಿಸದೆ ಬರೀ ಉಸಿರು ನೋಡಿಸಿದವರು. ಎಲ್ಲ ಮುಗಿದು ಜನ ಚಪ್ಪಾಳೆ ತಟ್ಟಿ ಚಾಪೆ ಸುತ್ತತೊಡಗಿದಾಗ ಅವರು ಕೇಳಿದ್ದು ಒಂದೇ ಮಾತು: "ಕೊನೇಗೆ ಕೂರ್ಸಲ್ವಾ ಅವ್ಳು?"

ಅಲ್ಲಿಯವರಿಗೆ ಪುರುಸೊತ್ತಿಲ್ಲ ತಾತ, ಕೆಲಸದಿಂದ ಓಡಿ ಬಂದಿರುತ್ತಾರೆ ಎಂದೆ. "ಮೈ ಬಗ್ಗಿಸಾದು ತಪ್ಪು ಅಂತ ನಾನೆಲ್ಲಿ ಅಂದೆ? ಬಗ್ಗಿಸಾದು ಕೂರಕ್ಕೋಸ್ಕರ ಕಣಪ್ಪಾ," ಎಂದರು. ಸಿ.ಡಿ. ನಿಲ್ಲಿಸಲು ಎದ್ದೆ. ಕ್ಯಾಮೆರಾ ಆರಿಸಲು ಯಾರೋ ಮರೆತಿದ್ದರೆಂದು ಕಾಣುತ್ತದೆ, ಖಾಲಿ ಕೋಣೆ ಇನ್ನೂ ಕಾಣುತ್ತಿತ್ತು. ಮೂಲೆಯ ಚಾಪೆಯ ಮೇಲೆ ಬೆಳ್ಳಿಗೂದಲಿನ ಒಬ್ಬ ಹೆಂಗಸು ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನೀನು ಬಂದೆ. ಏನೂ ಕೇಳಲಿಲ್ಲ, ಮುಟ್ಟಲೂ ಇಲ್ಲ. ಪಕ್ಕದಲ್ಲಿ ಕಾಲು ಮಡಿಸಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೂ ಎದ್ದು ಕೂತರು. ಇಬ್ಬರೂ ಹಾಗೇ ಕೂತಿದ್ದಿರಿ, ಸಿ.ಡಿ. ಮುಗಿಯುವವರೆಗೂ.

ತಾತ ಕೈಯೆತ್ತಿ ಮತ್ತೆ ಹಾಕು ಎಂದು ಸನ್ನೆ ಮಾಡಿದರು. ಅಷ್ಟನ್ನೇ ಇನ್ನೊಮ್ಮೆ ನೋಡಿದರು. "ಇದು ಅಲ್ಲೂ ಐತೆ ಹಂಗಾರೆ," ಎಂದು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. "ಅವ್ಳಿಗೆ ಬರಿ, ಬಿಟ್ಟು ಬರಬ್ಯಾಡ ಅಂತ. ಆ ಯಮ್ಮಂಗೆ ಯಾರೂ ಇಲ್ಲ ಅಂತ ಕಾಣ್ತದೆ."

ಅದಕ್ಕೇ ಬರೆಯುತ್ತಿದ್ದೇನೆ, ಇಂದು. ಆ ಒಂದು ವರ್ಷಕ್ಕೆ ಒಪ್ಪಿಕೋ. ಅವರ ಹಾಡು, ಅವರ ಚಾಪೆ ಇರಲಿ. ಅಲ್ಲಿಯವರು ಬೇಡುವುದನ್ನು ಕೊಡು, ಕೊನೆಯಲ್ಲಿ ಸ್ವಲ್ಪ ಹೊತ್ತು ತಾತ ಕಲಿಸಿದ್ದನ್ನೂ ಕೊಡು. ಉಲ್ರಿಕೆಯವರು ಬೇಡವೆನ್ನಲಾರರು. ಇಲ್ಲಿ ತರಗತಿಯ ಬಾಗಿಲು ನಾನು ತೆಗೆಯುತ್ತೇನೆ.

ತಾತ, ಅಜ್ಜಿ ಇಬ್ಬರೂ ಹರಸಿದ್ದಾರೆ. ಲಕ್ಕಮ್ಮ ನಿನ್ನನ್ನು ಕೇಳಿದಳೆಂದು ತಪ್ಪದೆ ಬರೆಯಲು ಹೇಳಿದ್ದಾಳೆ. ಮೈ ಬೆಚ್ಚಗಿಟ್ಟುಕೋ.

ನಿನ್ನ
ಶಶಿ

ಲಕೋಟೆಗೆ ಅಂಟು ಹಚ್ಚುವ ಮುಂಚೆ ಇಷ್ಟು: ಮೇಲೆ ಬರೆದದ್ದು ಸುಳ್ಳಲ್ಲ. ಆದರೆ ಇದೂ ಸುಳ್ಳಲ್ಲ. ಸಂಜೆ ಡ್ಯೂಟಿ ಮುಗಿದ ಮೇಲೆ ನನಗೆ ಮನೆಗೆ ಹೋಗಲು ಕಾಲೇ ಬರುವುದಿಲ್ಲ. ಬೆಂಗಳೂರು ಗಾಡಿ ಹೋಗುವವರೆಗೂ ಬೆಂಚಿನ ಮೇಲೆ ಕೂತಿರುತ್ತೇನೆ. ಸಿ.ಡಿ.ಯಲ್ಲಿ ಆ ಹೆಂಗಸನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಇಂದು. ಇರುವುದಾದರೆ ಇರು, ಬರುವುದಾದರೆ ಬಾ. ಶಶಿ ಚೆನ್ನಾಗಿದ್ದಾನೆ ಎಂದುಕೊಂಡು ಮಾತ್ರ ತೀರ್ಮಾನ ಮಾಡಬೇಡ.